ದಾರ ಸುಟ್ಟ ಆಕಾಶಬುಟ್ಟಿ
ಗೆಳೆಯರೇ, ದೀಪಾವಳಿಗೆಂದು ಮಗಳ ಜೊತೆ ಕೂತು ತೆಳು ಕಾಗದದಲ್ಲಿ ಹಾರುವ ಆಕಾಶಬುಟ್ಟಿ ಮಾಡಿದ್ದೆ. ಇಂದು ಮುಸ್ಸಂಜೆ ದೀಪ ಹಚ್ಚಿ ಮೇಲೆ ಬಿಟ್ಟರೆ, ಹಿಡಿದಿದ್ದ ದಾರವೇ ಸುಟ್ಟುಹೋಯಿತು. ಬುಟ್ಟಿ ಏರುತ್ತಾ ಹೋಯಿತು. ದೇವನಹಳ್ಳಿ ಪಕ್ಕದ ನಮ್ಮೂರಿನ ನೆತ್ತಿಯ ಮೇಲೇ ವಿಮಾನಗಳು ಇಳಿಯುವ ದಾರಿ.

ಅಮ್ಮ ಒಳಗಿಂದ ಓಡಿ ಬಂದಳು. "ಏನ್ಲಾ ಮಾಡ್ದೆ? ಅಲ್ನೋಡು, ವಿಮಾನ ಬರ್ತೈತೆ!"

ಹಾರಿ ಹಿಡಿಯುವವನಂತೆ ರಾಗಿ ಹೊಲದಲ್ಲಿ ಬರಿಗಾಲಲ್ಲಿ ಓಡಿದೆ. ಗಾಳಿ ತಿರುಗಿ, ಬುಟ್ಟಿ ಪಕ್ಕದವರ ತೆಂಗಿನಮರಕ್ಕೆ ಸಿಕ್ಕಿ, ಭಗ್ಗನೆ ಉರಿದು ಆರಿತು. ವಿಮಾನ ಸದ್ದು ಮಾಡುತ್ತಾ ದಾಟಿಹೋಯಿತು.

"ಅದ್ರಲ್ಲಿ ಎಷ್ಟು ಜನ ಇದ್ರೋ," ಎಂದು ಅಮ್ಮ ಅಲ್ಲೇ ಕುಸಿದು ಕೂತಳು.

ಮಗಳು ಕೇಳಿದಳು: "ಅಪ್ಪ, ನಾಳೆ ಇನ್ನೊಂದು ಮಾಡೋಣ್ವಾ?"

"ನಾಳೆ ಕಜ್ಜಾಯ ಮಾಡೋಣ ಕಣಮ್ಮ. ಅದು ಹಾರಲ್ಲ."