ಕಿವಿಯ ಕೀವಿಗೆ ತಾಯಿತ

ಗೆಳೆಯರೇ, ಡಾಕ್ಟರ ಪ್ರಶ್ನೆಗೆ ಉತ್ತರ ಕೊಡಲು ಬಾರದ ತಪ್ಪಿಗೆ ಇಂದು ನಮ್ಮ ಸರ್ಕಾರಿ ಆಸ್ಪತ್ರೆಯಿಂದ ಒಬ್ಬ ರೋಗಿಯನ್ನು ಹೊರಗೆ ಕಳಿಸಿದರು.

ಸೋಮನಹಳ್ಳಿಯ ಪುಟ್ಟಸ್ವಾಮಿಗೆ ಮೂವತ್ತು ವರ್ಷ. ಚಿಕ್ಕಂದಿನಿಂದಲೂ ಯಾರ ಮುಖವನ್ನೂ ನೋಡುವುದಿಲ್ಲ, ಕೇಳಿಸಿಕೊಂಡ ಮಾತನ್ನೇ ತಿರುಗಿ ಹೇಳುತ್ತಾನೆ. ಈಗ ಅವನ ಕಿವಿಯಲ್ಲಿ ಕೀವು ಸೋರುತ್ತಿದೆ. ತಾಯಿ ಚೆನ್ನಮ್ಮನ ಜೊತೆ ನಾನೂ ಹೋಗಿದ್ದೆ.

"ಎಲ್ಲಯ್ಯಾ ನೋವು?" ಎಂದರು ಡಾಕ್ಟರು.

"ಎಲ್ಲಯ್ಯಾ ನೋವು?" ಎಂದ ಪುಟ್ಟಸ್ವಾಮಿ.

"ನನ್ನನ್ನೇ ಅಣಕಿಸ್ತೀಯಾ?"

"ನನ್ನನ್ನೇ ಅಣಕಿಸ್ತೀಯಾ?"

ಚೆನ್ನಮ್ಮ ಕೈಮುಗಿದಳು. "ಅವ್ನು ಉಟ್ಟಿರೋದೇ ಅಂಗೆ ಸ್ವಾಮಿ. ಕಿವಿ ಸೋರ್ತಾ ಅದೆ, ಒಸಿ ನೋಡಿ."

ಡಾಕ್ಟರು ನೋಡಲಿಲ್ಲ. "ಇಂಥವ್ರಿಗೆ ಸರ್ಕಾರದ ಯೋಜನೆ ಇರೋದು ಮಕ್ಕಳಿಗೆ ಮಾತ್ರ, ಮಗುವಾಗಿದ್ರೆ ನೋಡಬಹುದಿತ್ತು. ಇಷ್ಟು ದೊಡ್ಡ ಗಂಡಸಿಗೆ ಗಾಳಿ ಸೋಕಿದೆ. ತಾಯಿತ ಕಟ್ಟಿಸಮ್ಮ," ಎಂದರು.

ಇದನ್ನು ಹೇಳಲು ಅವರು ವರ್ಷಗಟ್ಟಲೆ ಓದಿ, ಕೊರಳಿಗೆ ಸ್ಟೆತಾಸ್ಕೋಪು ಹಾಕಿಕೊಂಡಿದ್ದಾರೆ. ನಮ್ಮೂರ ಮಂತ್ರವಾದಿ ರೋಗಿಯನ್ನು ಮುಟ್ಟಿಯಾದರೂ ನೋಡುತ್ತಾನೆ. ಇಂಥ ಮಕ್ಕಳಿಗೂ ಒಂದು ದಿನ ಮೀಸೆ ಬರುತ್ತದೆಂದು ಸರ್ಕಾರಕ್ಕೆ ಯಾರೂ ತಿಳಿಸಿಲ್ಲವೇನೋ.

ನಾಳೆ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಆಸ್ಪತ್ರೆಯ ಬಾಗಿಲಿಗೆ ಬನ್ನಿ. ಪುಟ್ಟಸ್ವಾಮಿಗೆ ಔಷಧಿ ಹಾಕುವವರೆಗೆ ಯಾರೂ ಕದಲಬಾರದು. ಘೋಷಣೆ ಮಾತ್ರ ಕೂಗಬೇಡಿ. ಅವನ ಕಿವಿ ತಡೆಯುವುದಿಲ್ಲ.