ಹೊನವಾಡದ ಬಾವಿಯೊಳಗಿನ ಕಂಬಗಳು

ಘೋಣಸಗಿಯ ಪಾಂಡು ಬಾವಿ ತೋಡುವ ಕೆಲಸಕ್ಕಿಳಿದು ಮೂವತ್ತು ವರ್ಷವಾಗಿತ್ತು. ಹಾರೆಯ ಸದ್ದು ಕೇಳಿಯೇ ಕೆಳಗಿರುವುದು ಗಟ್ಟಿ ಕಲ್ಲೋ ಪುಡಿಗಲ್ಲೋ ಹೇಳುತ್ತಿದ್ದ. ಅಂಥವನೂ ಹೊನವಾಡದ ಸಂಗನಬಸವನ ದ್ರಾಕ್ಷಿ ತೋಟದಲ್ಲಿ ಒಂದು ಬೆಳಿಗ್ಗೆ ಹಾರೆ ಕೆಳಗಿಟ್ಟು ನಿಂತುಬಿಟ್ಟ. ನಲವತ್ತು ಅಡಿ ಆಳದಲ್ಲಿ, ಬಾವಿಯ ಗೋಡೆಯ ಪುಡಿಗಲ್ಲು ಜಾರಿದ ಕಡೆ, ಎರಡಾಳು ಎತ್ತರದ ಕರಿಕಲ್ಲಿನ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನೆಟ್ಟಗೆ ನಿಂತಿದ್ದವು. ಹೆಚ್ಚಿನವಕ್ಕೆ ಆರು ಮುಖ, ಕೆಲವಕ್ಕೆ ಐದು. ಮೈತುಂಬ ಅಡ್ಡಗೆರೆಗಳು.

“ಉಳಿ ಗುರುತು ನೋಡ ಪಾಂಡು. ಇಲ್ಲಿ ಹಳೇ ಗುಡಿ ಐತಿ,” ಎಂದ ಸಂಗನಬಸವ. ಮಧ್ಯಾಹ್ನದೊಳಗೆ ಊರೇ ನೆರೆಯಿತು. ಅವನ ತಾಯಿ ಮುರಿಗೆವ್ವ ಅರಿಷಿಣ ಕುಂಕುಮ ಕೆಳಗಿಳಿಸಿ, ಇನ್ನು ಯಾರೂ ಹಾರೆ ಮುಟ್ಟಬಾರದೆಂದಳು.

ಪಾಂಡು ಕೈಮುಗಿದ. ಆದರೂ ಮನಸ್ಸು ಒಪ್ಪಲಿಲ್ಲ. ಬೆಳಿಗ್ಗೆಯೇ ಕಳಚಿ ಬಿದ್ದಿದ್ದ ಒಂದು ತುಂಡನ್ನೆತ್ತಿ ತಿರುಗಿಸಿ ನೋಡಿದ. ಪಕ್ಕದ ಕಂಬಕ್ಕೆ ತಾಗಿಕೊಂಡಿದ್ದ ಒಳಮುಖದಲ್ಲೂ ಅವೇ ಗೆರೆಗಳು. ಉಳಿಯ ತುದಿಯೂ ತೂರದ ಸಂದಿಯಲ್ಲಿ ಕೆತ್ತಿದವನಾರು?

ಮರುದಿನ ಆ ತುಂಡನ್ನು ಚೀಲಕ್ಕೆ ಹಾಕಿಕೊಂಡು ವಿಜಯಪುರದ ಬಸ್ಸು ಹತ್ತಿದ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಗೀತಾಂಜಲಿಯ ಮನೆ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವಳು. ಅವಳ ಮನೆಯ ಬಾವಿಯ ಹೂಳು ತೆಗೆದವನು ಪಾಂಡುವೇ.

“ಇದನ್ನ ಯಾರೂ ಕೆತ್ತಿಲ್ಲ ಕಾಕಾ,” ಎಂದಳು. “ನಮ್ಮ ಸೀಮಿ ಕರಿಕಲ್ಲೆಲ್ಲ ಒಂದು ಕಾಲಕ್ಕ ಭೂಮಿ ಒಳಗಿಂದ ಉಕ್ಕಿ ಹರಿದ ಕುದಿಯೋ ರಸ ಇತ್ತು. ಆರಿದಂಗ ಕುಗ್ಗಿ ಬಿರೀತು. ಕೆರಿ ಬತ್ತಿದ ಮ್ಯಾಲ ರಾಡಿ ಬಿರೀತದಲ್ಲ, ಹಂಗ.”

“ರಾಡಿ ಬಿರಿಯೋದು ಗೇಣುದ್ದರಿ. ಇದು ಎರಡಾಳು ಎತ್ತರ ಐತಿ.”

“ಮ್ಯಾಲಿಂದು ಮೊದಲು ಆರ್ತದ. ಆಮ್ಯಾಲ ಅದರ ಕೆಳಗಿಂದು. ತಂಪು ಇಳದಂಗ ಬಿರುಕೂ ಇಷ್ಟಿಷ್ಟ ಇಳೀತದ. ಈ ಗೆರಿ ಅದಾವಲ್ಲ, ಬಿರುಕು ಒಂದೊಂದು ಸಲ ಇಳದು ನಿಂತ ಜಾಗಾ.”

ಪಾಂಡು ಗೆರೆಗಳ ಮೇಲೆ ಬೆರಳಾಡಿಸುತ್ತ ಕುಳಿತ. ಜೀವಮಾನವೆಲ್ಲ ತಾನು ಒಡೆದ ಕಲ್ಲು ಒಮ್ಮೆ ಹರಿದಾಡಿತ್ತು ಎಂಬುದು ಅವನಿಗೆ ಆ ದಿನದವರೆಗೆ ಗೊತ್ತಿರಲಿಲ್ಲ.

ಹೊನವಾಡಕ್ಕೆ ಮರಳಿ, ತುಂಡನ್ನು ಮುರಿಗೆವ್ವನ ಕೈಗಿಟ್ಟು ಒಳಮುಖ ತೋರಿಸಿದ, ಕೇಳಿದ್ದನ್ನೆಲ್ಲ ಹೇಳಿದ. ಆಕೆ ಬಹಳ ಹೊತ್ತು ತಿರುಗಿಸಿ ನೋಡಿದಳು.

“ಹಂಗಾರ ಅಗಿಯಪ್ಪಾ. ಆದ್ರ ಮದ್ದು ಹಾಕಿ ಸಿಡಿಸಬ್ಯಾಡ.”

ಮದ್ದು ಬೇಕಾಗಲೂ ಇಲ್ಲ. ಬಿರುಕಿಗೆ ಹಾರೆ ಬಡಿದು ಮೀಟಿದರೆ ಕಂಬ ತುಂಡುತುಂಡಾಗಿ ಕಳಚಿ ಬರುತ್ತಿತ್ತು. ಎಂಟನೆಯ ದಿನ ಕೆಳಗಿನ ಬಿರುಕುಗಳಿಂದ ನೀರು ಜಿನುಗಿತು. ಸಂಜೆಗೆ ಮೊಣಕಾಲುದ್ದ ನಿಂತಿತು. ಈಗ ಯಾರಾದರೂ ಬಾವಿ ತೋಡಲು ಕರೆದರೆ ಪಾಂಡು ಮೊದಲು ಹತ್ತಿರದ ಹಳ್ಳಕ್ಕಿಳಿದು, ದಂಡೆಯ ಕಲ್ಲು ಹೇಗೆ ಬಿರಿದಿದೆ ಎಂದು ನೋಡಿ ಬರುತ್ತಾನೆ.