ಚಂದ್ರಿಯ ಪ್ಲೇಟು, ಕಾಕಾನ ಗಿರಣಿ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಶುರುಮಾಡಿದರೆ ನಾನು ಎದ್ದು ಹೋಗುತ್ತಿದ್ದವನು. ನಂಬಿಕೆಯಿರಲಿಲ್ಲ ಎನ್ನುವುದಕ್ಕಿಂತ ಅಂಥ ಮಾತು ಕೇಳಿದರೆ ಮೈ ಉರಿಯುತ್ತಿತ್ತು ಎಂದರೆ ಸರಿ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಒಂದು ಮಧ್ಯಾಹ್ನ ಕಣ್ಣೆದುರಿಗೆ ನಡೆದದ್ದನ್ನು ಇಲ್ಲವೆನ್ನಲಿಕ್ಕೂ ಆಗುತ್ತಿಲ್ಲ. ನೆನೆಸಿಕೊಂಡರೆ ನನಗೆ ಹೆದರಿಕೆಯಾಗುವುದಿಲ್ಲ, ಸಿಟ್ಟು ಬರುತ್ತದೆ.

ಆಗ ಎರಡನೆಯ ಮಹಾಯುದ್ಧದ ಕಾಲ. ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅವನ ತಮ್ಮ, ನಮ್ಮ ಕಾಕಾ, ಮನೆಯ ಯಜಮಾನ. ನನ್ನ ತಂಗಿ ಚಂದ್ರವ್ವನ ಕಂಠ ಚೆನ್ನಾಗಿತ್ತು. ತಿಕೋಟಾದಲ್ಲಿ ಬಿಡಾರ ಹೂಡಿದ್ದ ಒಂದು ನಾಟಕ ಕಂಪನಿಯ ಜೊತೆ ಅವಳು ಹೋಗಿಬಿಟ್ಟಳು. ವರ್ಷದ ಮೇಲೆ ಅವ್ವನನ್ನು ನೋಡಬೇಕೆಂದು ಒಬ್ಬಳೇ ಬಂದಾಗ ನಾನು ಹತ್ತಿ ಖರೀದಿಗೆಂದು ಬಬಲೇಶ್ವರಕ್ಕೆ ಹೋಗಿದ್ದೆ. ಕಾಕಾ ಬಾಗಿಲಲ್ಲಿ ಕೈ ಅಡ್ಡ ಇಟ್ಟು ನಿಂತನಂತೆ. "ಬಣ್ಣಾ ಹಚ್ಚಿದ ಮಾರಿ ತಗೊಂಡ ಈ ಹೊಸ್ತಿಲಾ ದಾಟಬ್ಯಾಡ" ಎಂದನಂತೆ. ಅವ್ವ ಒಳಗೆ ಗೋಡೆಗೆ ಆತು ಅಳುತ್ತ ಕುಳಿತಿದ್ದಳು. ಚಂದ್ರಿ ನೀರು ಕೂಡ ಕುಡಿಯದೆ ತಿರುಗಿ ಹೋದಳು. ಮುಂದಿನ ಮಳೆಗಾಲದಲ್ಲಿ ಹುಬ್ಬಳ್ಳಿಯ ಬಿಡಾರದಲ್ಲಿ ಜ್ವರದಿಂದ ಸತ್ತಳು.

ನಾನು ಆ ಮನೆಯಲ್ಲಿ ಮತ್ತೆ ಕಾಕಾನ ಪಂಕ್ತಿಗೆ ಕೂಡಲಿಲ್ಲ. ಮನೆಯನ್ನು ಎರಡು ಪಾಲು ಮಾಡಿಸಿದೆ. ಅವನು ತನ್ನ ಪಾಲಿನಲ್ಲಿ, ನಡುಗೋಡೆಗೆ ಹತ್ತಿಸಿಯೇ, ಹಿಟ್ಟಿನ ಗಿರಣಿ ಹಾಕಿದ. ಇಂಜಿನ್ನು ಶುರುವಾದರೆ ನಮ್ಮ ಕಡೆ ಗೂಡಿನಲ್ಲಿಟ್ಟ ತಂಬಿಗೆ ಕೂಡ ಗಿಣಿಗಿಣಿ ಎನ್ನುತ್ತಿತ್ತು.

ಅಷ್ಟರಲ್ಲಿ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದ ಪೇಟಿ ಮಾಸ್ತರು ಊರಿಗೆ ಬಂದವರು ನನ್ನನ್ನು ಹುಡುಕಿಕೊಂಡು ಬಂದು ಒಂದು ಗ್ರಾಮೋಫೋನ್ ಪ್ಲೇಟು ಕೈಗಿಟ್ಟರು. ಮೇಲೆ "ಮಿಸ್ ಚಂದ್ರಾಬಾಯಿ" ಎಂದು ಅಚ್ಚಾಗಿತ್ತು. ಅವಳು ಹಾಡಿ ಕೊಟ್ಟ ಪ್ಲೇಟು ಅದೊಂದೇ. ನಾನು ಹಳೆಯದೊಂದು ಚಾವಿ ಗ್ರಾಮೋಫೋನ್ ಕೊಂಡು ತಂದು ಮೇಲಿನ ಅಟ್ಟದ ಕೋಣೆಯಲ್ಲಿಟ್ಟು ಪ್ಲೇಟು ಹಚ್ಚಿದೆ. ಪಲ್ಲವಿ ಬಂತು, ಮೊದಲ ಚರಣ ಬಂತು. ಎರಡನೆಯ ಚರಣಕ್ಕೆ ಅವಳು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಳ್ಳು ಎಗರಿ ಮತ್ತೆ ಪಲ್ಲವಿಗೆ ಬಿತ್ತು. ಕೆಳಗೆ ಗಿರಣಿ ಧಡಧಡ ಎನ್ನುತ್ತಿತ್ತು. ಅದು ನಿಲ್ಲುವುದು ಓಣಿಯೆಲ್ಲ ಮಲಗಿದ ಮೇಲೆಯೇ, ಆ ಹೊತ್ತಿನಲ್ಲಿ ಹಾಡು ಹಚ್ಚುವಂತಿರಲಿಲ್ಲ. ಬದುಕಿದ್ದಾಗ ಹೊಸ್ತಿಲು ದಾಟಗೊಡಲಿಲ್ಲ, ಸತ್ತ ಮೇಲೆ ಹಾಡನ್ನೂ ದಾಟಗೊಡುವುದಿಲ್ಲವಲ್ಲ ಎಂದು ನಾನು ಹಲ್ಲು ಕಟಕಟ ಕಡಿದೆ.

ಗ್ರಾಮೋಫೋನಿಗೆ ಆ ನಡುಕ ತಾಗದಂತೆ ಮಾಡಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೌದಿ ಮಡಚಿ ಕೆಳಗಿಟ್ಟೆ. ಗೋಣಿಚೀಲದಲ್ಲಿ ಅರಳೆ ತುಂಬಿ ಇಟ್ಟೆ. ಬುಟ್ಟಿಯಲ್ಲಿ ಉಸುಕು ಹಾಕಿ, ಅದರ ಮೇಲೆ ಶಹಾಬಾದಿ ಕಲ್ಲು, ಕಲ್ಲಿನ ಮೇಲೆ ಪೆಟ್ಟಿಗೆ. ನಡುಕ ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ತೊಲೆಯಿಂದ ನಾಲ್ಕು ಹಗ್ಗ ಇಳಿಬಿಟ್ಟು, ತೊಟ್ಟಿಲು ಕಟ್ಟಿದ ಹಾಗೆ ಒಂದು ಹಲಗೆ ಕಟ್ಟಿ, ಹಗ್ಗದ ಗಂಟುಗಳಿಗೆಲ್ಲ ಅರಳೆ ಸುತ್ತಿ, ಅದರ ಮೇಲಿಟ್ಟೆ. ಪಕ್ಕದ ಕಿಟಕಿಯಲ್ಲಿ ಒಂದು ಬಟ್ಟಲು ನೀರು, ಹಲಗೆಯ ಮೇಲೆ ಒಂದು ಬಟ್ಟಲು ನೀರು ಇಟ್ಟು ನೋಡಿದೆ. ಕಿಟಕಿಯ ನೀರು ನಡುಗುತ್ತಿತ್ತು, ಹಲಗೆಯದು ಸುಮ್ಮನೆ ನಿಂತಿತ್ತು. ಬೇರೆ ಪ್ಲೇಟುಗಳೆಲ್ಲ ಸುರಳೀತ ನಡೆದವು. ಚಂದ್ರಿಯದು ಮಾತ್ರ ಅದೇ ಜಾಗದಲ್ಲಿ ಎಗರಿತು. ಗೀರು ಇದ್ದೀತೆಂದು ಗಡಿಯಾರ ರಿಪೇರಿಯವನ ಭೂತಗನ್ನಡಿ ತಂದು ಬಿಸಿಲಿನಲ್ಲಿ ಹಿಡಿದು ನೋಡಿದೆ. ಏನೂ ಕಾಣಲಿಲ್ಲ.

ಗೀರಿಲ್ಲವೆಂದ ಮೇಲೆ ಹೇಗಿದ್ದರೂ ಇದು ಗಿರಣಿಯದೇ ಕಿತಾಪತಿ ಎಂದು ಆ ಮಧ್ಯಾಹ್ನ ನಾನು ಕೆಳಗಿಳಿದು ಹೋದೆ. ಜೋಳದ ಬುಟ್ಟಿ ಹಿಡಿದ ಹೆಂಗಸರು ಸಾಲಾಗಿ ಕುಳಿತಿದ್ದರು.

"ಕಾಕಾ, ಗಿರಣಿ ಬಂದ್ ಮಾಡ್ತೀಯೋ ಇಲ್ಲೋ?" ಎಂದು ಕೂಗಿದೆ.

"ಯಾಕ? ಮಂದಿ ಜ್ವಾಳ ಹಿಡ್ಕೊಂಡ ಕುಂತಾರ, ಕಾಣೂದಿಲ್ಲೇನು? ನಿನ್ನ ಹಾಡಿನ ಸಲುವಾಗಿ ಅವರ ಮಕ್ಕಳು ಉಪಾಸ ಮಲಗಬೇಕೇನು?"

"ಯಾರ ಹಾಡ ಅಂತ ಗೊತ್ತೈತೇನು ನಿನಗ? ಚಂದ್ರಿದು! ನೀ ಬಾಗಲದಾಗಿಂದ ಹೊಳ್ಳಿ ಕಳಿಸಿದಿಯಲ್ಲ, ಆ ಚಂದ್ರಿದು!"

ಕಾಕಾ ಕೈಗೆ ಹತ್ತಿದ ಹಿಟ್ಟನ್ನು ಧೋತರಕ್ಕೆ ಒರೆಸಿಕೊಂಡು, ಆಳಿಗೆ ಗಿರಣಿ ನೋಡಿಕೊಳ್ಳಲು ಹೇಳಿ, ನಾನು ಕರೆಯದೆಯೇ ನಮ್ಮ ಮೆಟ್ಟಿಲು ಹತ್ತಿದ. ಬರಲಿ, ತನ್ನ ಗಿರಣಿ ಮಾಡುವ ಅನ್ಯಾಯವನ್ನು ತಾನೇ ನೋಡಲಿ ಎಂದು ನಾನೂ ಹಿಂದೆ ಹೋದೆ. ಚಾವಿ ಕೊಟ್ಟೆ, ಹೊಸ ಮುಳ್ಳು ಸಿಕ್ಕಿಸಿದೆ, ಪ್ಲೇಟಿನ ಮೇಲಿಟ್ಟೆ. ಕಾಕಾ ಹಿಟ್ಟಿನಿಂದ ತಲೆ, ಹುಬ್ಬು ಎಲ್ಲ ಬೆಳ್ಳಗಾಗಿ ಕಂಬ ಹಿಡಿದು ನಿಂತಿದ್ದ. ಕೆಳಗೆ ಗಿರಣಿ ನಡೆದೇ ಇತ್ತು. ಕಿಟಕಿಯ ಬಟ್ಟಲಿನ ನೀರು ನಡುಗುತ್ತಿದ್ದುದನ್ನು ನಾನು ನೋಡಿದೆ.

ಪಲ್ಲವಿ ಆಯಿತು. ಮೊದಲ ಚರಣ ಆಯಿತು. ಈಗ ನೋಡು ಎಂದು ನಾನು ಕೈ ಎತ್ತಿದೆ. ಚಂದ್ರಿ ಉಸಿರು ತೆಗೆದುಕೊಂಡಳು, ಎರಡನೆಯ ಚರಣ ಹಾಡಿದಳು. ಮುಳ್ಳು ಕೂದಲೆಳೆಯಷ್ಟೂ ಅಲುಗಲಿಲ್ಲ. ಆ ಚರಣದ ಕೊನೆಯಲ್ಲಿ ಅವಳು ಒಂದು ಉದ್ದನೆಯ ಎಳೆತ ಎಳೆದಳು. ಅದು ನಾಟಕದ ಹಾಡಿನ ಮಟ್ಟಿನದಲ್ಲ.

"ನಮ್ಮವ್ವ, ನಿಮ್ಮ ಆಯಿ, ಜೈನಾಪುರದಾಗ ಜ್ವಾಳ ಬೀಸೂ ಮುಂದ ಹಿಂಗ ಎಳೀತಿದ್ದಳೋ ತಮ್ಮಾ" ಎಂದ ಕಾಕಾ. ಅವನ ಹಿಟ್ಟು ಮೆತ್ತಿದ ಗಲ್ಲದ ಮೇಲೆ ಎರಡು ಗೆರೆ ಇಳಿದಿದ್ದವು. ಹಾಡು ಮುಗಿಯುವ ತನಕ ನಿಂತ. ಆಮೇಲೆ ಇಳಿದು ಹೋದ.

ನಾನು ಕೂಡಲೇ ಮತ್ತೆ ಹಚ್ಚಿದೆ. ಅದೇ ಜಾಗದಲ್ಲಿ ಮುಳ್ಳು ಎಗರಿತು.

ಸಾಯನ್ಸು ಕಲಿಸುವ ಗೆಳೆಯನೊಬ್ಬ, ಕಾಕಾ ನಿಂತ ಭಾರಕ್ಕೆ ಅಟ್ಟದ ಹಲಗೆ ಬಿಗಿಯಾಗಿ ನಡುಕ ತಡೆದಿರಬೇಕು ಎಂದ. ಅವನನ್ನೇ ಆ ಕಂಬದ ಹತ್ತಿರ ನಿಲ್ಲಿಸಿದೆ. ಅವನಿಗಿಂತ ದಪ್ಪಗಿದ್ದ ತೊರವಿಯ ನಮ್ಮ ಬೀಗರನ್ನು ನಿಲ್ಲಿಸಿದೆ. ಅವ್ವನನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿ ನಿಲ್ಲಿಸಿದೆ. ಅವ್ವನಿಗೂ ಆ ಚರಣ ಕೇಳಿಸಲಿಲ್ಲ. ಇದನ್ನು ಹೇಗೆ ಸಹಿಸಲಿ? ಹೆತ್ತವಳಿಗಿಲ್ಲದ್ದು, ಒಡಹುಟ್ಟಿದವನಿಗಿಲ್ಲದ್ದು, ಬಾಗಿಲು ಹಾಕಿದವನಿಗೆ ಹೇಗೆ ಸಿಕ್ಕಿತು?

ಮರುದಿನದಿಂದ ಕಾಕಾ ಮಧ್ಯಾಹ್ನ ಒಂದಿಷ್ಟು ಹೊತ್ತು ಗಿರಣಿ ನಿಲ್ಲಿಸತೊಡಗಿದ. ಯಾರೂ ಹೇಳಿರಲಿಲ್ಲ. ಓಣಿಯೆಲ್ಲ ಸುಮ್ಮನಾಗುತ್ತಿತ್ತು. ನಾನು ಹಾಡು ಹಚ್ಚುತ್ತಿದ್ದೆ, ಮುಳ್ಳು ಎಗರುತ್ತಿತ್ತು. ಮತ್ತೊಮ್ಮೆ ಮೇಲೆ ಬಾ ಎಂದು ಅವನನ್ನು ಕರೆದಿದ್ದರೆ ಏನಾಗುತ್ತಿತ್ತೋ ತಿಳಿಯದು. ನಾನು ಕರೆಯಲಿಲ್ಲ, ಅವನಾಗಿ ಬರಲಿಲ್ಲ. ಅವನು ಸತ್ತೂ ಬಹಳ ವರ್ಷವಾಯಿತು.

ನನ್ನ ತಂಗಿಯ ಹಾಡನ್ನು ನಾನು ಪೂರ್ತಿಯಾಗಿ ಕೇಳಿದ್ದು ಒಂದೇ ಸಲ. ಅದೂ ಅವನ ಪಕ್ಕದಲ್ಲಿ ನಿಂತು.